ಕೈಕಟ್ಟಿ ನಿಂತ ಉಸ್ತಾದರು

ಕಳೆದ ದಸರೆಯ ರಜೆಯಲ್ಲಿ ಮಗಳಿಗೊಂದು ಮರದ ತಳ್ಳುಗಾಡಿಯನ್ನು ಕೊಳ್ಳಲೆಂದು ಚನ್ನಪಟ್ಟಣಕ್ಕೆ ಹೋಗಿದ್ದೆ. ಅವಳು ಬಯಸಿದ ಹಳದಿ ಬಣ್ಣದ್ದು ಅಂಗಡಿಯಲ್ಲಿರಲಿಲ್ಲ. ಹಿಂದಿನ ಓಣಿಯಲ್ಲಿ ಕಡೆಯುತ್ತಿದ್ದಾರೆ, ಒಂದು ಗಂಟೆ ಕಾದರೆ ಬಿಸಿಬಿಸಿಯಾಗಿಯೇ ಕೊಡಿಸುವೆನೆಂದು ಅಂಗಡಿಯವರು ನನ್ನನ್ನು ಅಲ್ಲಿಗೆ ಕಳುಹಿಸಿದರು. ಬೊಂಬೆಯೂ ದೋಸೆಯಂತೆ ಬಿಸಿಯಾಗಿರುತ್ತದೆಂಬುದು ನನಗೆ ಅಂದೇ ತಿಳಿದದ್ದು. ತಿರುಗುವ ಹಾಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಮೇಲೆ ಒಣಗಿದ ಗರಿಯನ್ನು ಹಿಡಿದು ತೀಡಿದರೆ ಕನ್ನಡಿಯಂಥ ಹೊಳಪು ಬರುತ್ತದೆ.

ಲೇತ್ ಯಂತ್ರದ ಮುಂದೆ ಕುಳಿತಿದ್ದಾತ ಹುಡುಗನಲ್ಲ, ಮೂವತ್ತು ದಾಟಿದ ಗೃಹಸ್ಥ. ಹಿಂದಿನ ವರ್ಷದವರೆಗೆ ಆಟೋ ಓಡಿಸುತ್ತಿದ್ದನಂತೆ. ಆತನ ಬೆನ್ನ ಹಿಂದೆ ಅರವತ್ತರ ಉಸ್ತಾದರೊಬ್ಬರು ತಮ್ಮೆರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದರು. ಉಳಿಯ ಓರೆ ತಪ್ಪಿದಾಗ ಮರ ಕಿರ್ರೆಂದು ಚೀರುತ್ತಿತ್ತು. ಉಸ್ತಾದರು "ಕೇಳಿಸಿತೆ?" ಎನ್ನುತ್ತಿದ್ದರು, ಅಷ್ಟೇ. ಆತ ಯಂತ್ರ ನಿಲ್ಲಿಸಿ, ಉಳಿಯನ್ನು ತುಸು ವಾಲಿಸಿ, ಮತ್ತೆ ಹಿಡಿಯುತ್ತಿದ್ದ. ಒಮ್ಮೆ ಮಾತ್ರ, ಆತನ ಅಂಗಿಯ ತೋಳು ತಿರುಗುವ ಮರದ ಬಳಿಗೆ ಹೋದಾಗ, ಕಟ್ಟಿದ್ದ ಕೈ ಮಿಂಚಿನಂತೆ ಮುಂದೆ ಬಂದು ಸ್ವಿಚ್ಚನ್ನು ಆರಿಸಿತು; ಆರಿಸಿ ಮತ್ತೆ ಹಿಂದಕ್ಕೆ ಹೋಯಿತು.

"ಒಂದು ಸಲ ನೀವೇ ಮಾಡಿ ತೋರಿಸಬಾರದೆ?" ಎಂದು ಕೇಳಿದೆ. ಮೇಷ್ಟರ ಬುದ್ಧಿ, ಸುಮ್ಮನಿರಲಾರದು.

"ತೋರಿಸಿದರೆ ನನ್ನ ಕೈ ಕಲಿಯುತ್ತದೆ ಸ್ವಾಮಿ. ಅದಕ್ಕೆ ಆಗಲೇ ಬರುತ್ತದೆ" ಎಂದರು ಉಸ್ತಾದರು.

ಹಳದಿ ತಳ್ಳುಗಾಡಿಯನ್ನು ಹಿಡಿದು ರೈಲು ನಿಲ್ದಾಣಕ್ಕೆ ನಡೆಯುತ್ತಿರುವಾಗ ನನಗೆ ನೆನಪಾದದ್ದು ನನ್ನ ಮಿತ್ರರೊಬ್ಬರ ಕಥೆ. ಆ ಕಥೆಯಲ್ಲಿ ನನಗೂ ಒಂದು ಪಾತ್ರವಿದೆ, ಹೇಳಿಕೊಳ್ಳುವಂಥದಲ್ಲ.

ಮಿತ್ರರು ಇತಿಹಾಸದ ಎಂ.ಎ. ಒಂಬತ್ತು ವರ್ಷ ಕಾಲ ಈ ಸೀಮೆಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕರಾಗಿದ್ದವರು. ಅತಿಥಿಯೆಂಬ ಶಬ್ದಕ್ಕೆ ತಿಥಿಯಿಲ್ಲದೆ ಬರುವವನೆಂದು ಅರ್ಥ ಹೇಳುವುದುಂಟು. ಈ ಅತಿಥಿಗಳಾದರೋ ತಿಥಿಯಿಲ್ಲದೆ ಹೋಗಬೇಕಾದವರು. ಪ್ರತಿ ವರ್ಷ ಕಾರ್ಯಭಾರ ಹಂಚುವಾಗ ತಮ್ಮ ಹೆಸರು ಪಟ್ಟಿಯಲ್ಲಿ ಉಳಿದಿದೆಯೆ ಎಂದು ನೋಡಲು ಹೋಗುತ್ತಿದ್ದರು. ಒಂದು ವರ್ಷ ಉಳಿದಿರಲಿಲ್ಲ. ಆಗ ಅವರಿಗೆ ಮೂವತ್ತನಾಲ್ಕು ವಯಸ್ಸು. ಮನೆಯಲ್ಲಿ ಹೆಂಡತಿ, ಶಾಲೆಗೆ ಹೋಗುವ ಮಗಳು, ರಾಮನಗರದ ಮಾರುಕಟ್ಟೆಯಿಂದ ಗೂಡು ತಂದು ನೂಲು ಬಿಚ್ಚಿ ಬಿಚ್ಚಿ ಬೆರಳು ಬೆಂದ ತಾಯಿ. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸಕ್ಕೆ ಪ್ರಯತ್ನಿಸಿದರೆ ಹೇಗೆಂದು ಅವರು ನನ್ನನ್ನು ಕೇಳಿದರು.

ನಾನು ಒಂದು ಗಂಟೆ ಭಾಷಣ ಮಾಡಿದೆ. ಹಿಂದೆ ಗುರು ಇರಬೇಕು, ಮುಂದೆ ಗುರಿ ಇರಬೇಕು ಎಂದೆ. ಸಾಹಸಕ್ಕೆ ಅಸಾಧ್ಯವಾದುದಿಲ್ಲ ಎಂದೆ. ಅವರು ಕಾಫಿ ಕುಡಿದು, ನಮಸ್ಕಾರ ಹೇಳಿ, ನೆಟ್ಟಗೆ ಹೋಗಿ ಬೆಂಗಳೂರಿನ ತರಬೇತಿ ಕೇಂದ್ರವೊಂದಕ್ಕೆ 60,000 ರೂಪಾಯಿ ಕಟ್ಟಿ ಬಂದರು. ಅದರಲ್ಲಿ ಅರ್ಧ ಸಾಲ. ಪ್ರೋತ್ಸಾಹವೆಂಬುದು ಅಗ್ಗದ ವಸ್ತು, ಕೊಡುವವನಿಗೆ ಏನೂ ತಗಲುವುದಿಲ್ಲವೆಂಬುದನ್ನು ನಾನು ಕಲಿತದ್ದು ಹೀಗೆ.

ನಮ್ಮ ಭಾಷೆಯಲ್ಲಿ ಕಲಿಸುವವರಿಗೆ ಹೆಸರುಗಳಿಗೇನೂ ಕೊರತೆಯಿಲ್ಲ. ಜೀವನೋಪಾಯಕ್ಕಾಗಿ ವೇದದ ಒಂದು ಭಾಗವನ್ನು ಕಲಿಸುವವನು ಉಪಾಧ್ಯಾಯನೆಂದು ಮನುಸ್ಮೃತಿ ಹೇಳುತ್ತದೆ. ಸಂಬಳಕ್ಕಾಗಿ ಪಠ್ಯದ ಒಂದು ಭಾಗವನ್ನು ಮುಗಿಸುವ ನಮ್ಮಂಥವರನ್ನು ಅವನು ಅಂದೇ ಕಂಡಿದ್ದನೆಂದು ತೋರುತ್ತದೆ. ಆಚಾರ್ಯ, ಗುರು ಅದಕ್ಕಿಂತ ಮೇಲಿನವರು. ಇಂಗ್ಲಿಷಿನ ಮಾಸ್ಟರು ನಮ್ಮಲ್ಲಿ ಮೇಷ್ಟರಾದ. ಪೋರ್ಚುಗೀಸರಿಂದ ಬಂದ ಮೇಸ್ತ್ರಿ ಕಟ್ಟಡದ ಮೇಲೆ ಉಳಿದ. ಪಾರಸಿಯ ಉಸ್ತಾದ ಚನ್ನಪಟ್ಟಣದ ಓಣಿಗೆ ಬಂದ. ಇಂದಿನ ಉದ್ಯೋಗಲೋಕದಲ್ಲಿ ಬಳಕೆಯಲ್ಲಿರುವ ಮೆಂಟರ್ ಎಂಬ ಶಬ್ದ ಮೂಲತಃ ಒಬ್ಬ ಮನುಷ್ಯನ ಹೆಸರು. ಹೋಮರನ ಒಡಿಸ್ಸಿಯಲ್ಲಿ ಒಡಿಸ್ಯೂಸನ ಗೆಳೆಯನಾದ ಮುದುಕ ಅವನು. ತಂದೆಯನ್ನು ಹುಡುಕಿ ಹೊರಟ ಟೆಲಿಮಾಕಸನಿಗೆ ದಾರಿ ತೋರುವುದು ಆ ಮೆಂಟರನ ರೂಪ. ಆದರೆ ಆ ರೂಪದೊಳಗೆ ಇದ್ದವಳು ಅಥೀನಾ ದೇವಿ. ಗಡ್ಡದ ಮುದುಕನೆಂದು ತಿಳಿದವನ ಒಳಗೆ ಒಬ್ಬ ಹೆಣ್ಣು! ಈ ಸಂಗತಿ ಮುಂದೆ ಬೇಕಾಗುತ್ತದೆ, ವಾಚಕರು ನೆನಪಿಟ್ಟುಕೊಳ್ಳಬೇಕು.

ಹೊಸ ತಂತ್ರವಿದ್ಯೆಗೆ ದಾಟಿಕೊಳ್ಳುವುದು ಈ ನಾಲ್ಕು ಊರುಗಳಿಗೆ ಹೊಸದೇನಲ್ಲ. ಊರಿನ ಹೆಸರೇ ದಾಟಿದೆ. ಇಂಗ್ಲಿಷರ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರಿನಿಂದ ಕ್ಲೋಸ್‌ಪೇಟೆಯಾಗಿದ್ದದ್ದು ರಾಮನಗರವಾಯಿತು, ಕಾನಕಾನಹಳ್ಳಿ ಕನಕಪುರವಾಯಿತು, 2007ರಲ್ಲಿ ಆದ ರಾಮನಗರ ಜಿಲ್ಲೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆನಿಸಿತು. ಕಸುಬಿನ ಮಾತಿಗೆ ಬಂದರೆ, ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬಾವಾಸ್ ಮಿಯಾ ಎಂಬವರು ಜಪಾನೀಯರ ಬೊಂಬೆ ಕಡೆಯುವ ತಂತ್ರವನ್ನು ಚನ್ನಪಟ್ಟಣದ ಕುಶಲಿಗಳಿಗೆ ಕಲಿಸಿದರೆಂದು ಊರು ಇಂದಿಗೂ ನೆನೆಯುತ್ತದೆ. ರೇಷ್ಮೆಯ ಕಥೆಯೂ ಇಂಥದೇ. ಜೆಮ್‌ಷೆಟ್‌ಜಿ ಟಾಟಾ ಅವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಪಾನಿನ ತಜ್ಞರನ್ನು ಬೆಂಗಳೂರಿಗೆ ಕರೆಸಿ ರೇಷ್ಮೆಯ ತೋಟವನ್ನು ತೆರೆದರು. ಬಸವನಗುಡಿಯ ಪಕ್ಕದ ಬಡಾವಣೆಯೊಂದು ಅದರ ಹೆಸರನ್ನು ಈಗಲೂ ಹೊತ್ತಿದೆ. 1914ರ ಸುಮಾರಿಗೆ ಮೈಸೂರು ಸರ್ಕಾರ ವಾಷಿಂಗ್ಟನ್ ಮಾರಿ ಎಂಬ ಇಟಲಿಯ ತಜ್ಞನನ್ನು ನೇಮಿಸಿಕೊಂಡಿತು, ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಕ್ಷೇತ್ರವಾಯಿತು. ಹುಳುವಿಗೆ ಬರುವ ಗಂಟುರೋಗವನ್ನು ತಡೆಯಬೇಕಾದರೆ ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದ ಕೆಳಗೆ ನೋಡಬೇಕೆಂಬುದು ಲೂಯಿ ಪಾಶ್ಚರ್ ಕಂಡುಹಿಡಿದ ಕ್ರಮ. ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟವನಿಗೆ ಕಾಣುವುದು ತನ್ನ ರೆಪ್ಪೆಯೇ. ಯಾವುದು ರೆಪ್ಪೆ, ಯಾವುದು ಧೂಳು, ಯಾವುದು ರೋಗವೆಂದು ಹೇಳಲು ಪಕ್ಕದಲ್ಲಿ ಒಬ್ಬರು ಕುಳಿತಿರಬೇಕು. ಅದನ್ನು ಪುಸ್ತಕ ಮಾಡಲಾರದು.

ಸಾಹಿತ್ಯದವರು ಯಂತ್ರದ ಕಡೆ ಹೋಗಬಾರದೆಂಬ ಮಡಿಯೂ ನಮ್ಮಲ್ಲಿರಲಿಲ್ಲ. 'ಕೆಲವು ನೆನಪುಗಳು' ಬರೆದ ನವರತ್ನ ರಾಮರಾಯರು ಕಂದಾಯದ ಅಮಲ್ದಾರಿಕೆಯಿಂದ ಬಂದು ಮೈಸೂರಿನ ರೇಷ್ಮೆ ಇಲಾಖೆಯನ್ನು ನಡೆಸಿದವರು. ಕನ್ನಡವನ್ನು ಗಣಕಯಂತ್ರಕ್ಕೆ ಹೊಂದಿಸಿದ ಕೆ. ಪಿ. ರಾಯರು ತಮ್ಮ ತಂತ್ರಾಂಶಕ್ಕೆ 'ಸೇಡಿಯಾಪು' ಎಂದು ಹೆಸರಿಟ್ಟರು. ಛಂದಸ್ಸು, ವ್ಯಾಕರಣಗಳ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರು ಯಂತ್ರದ ಹಣೆಯ ಮೇಲೆ!

ಆದರೆ ಹದಿನಾರರ ಹುಡುಗನಿಗೆ ಇರುವ ಬಾಗಿಲುಗಳು ಮೂವತ್ತನಾಲ್ಕರವನಿಗಿಲ್ಲ. ಬಿಡದಿಯಲ್ಲಿ ಟೊಯೋಟಾ ಸಂಸ್ಥೆ 2007ರಲ್ಲಿ ತೆರೆದ ತಾಂತ್ರಿಕ ತರಬೇತಿ ಶಾಲೆಗೆ ಹತ್ತನೆಯ ತರಗತಿ ಮುಗಿಸಿದ ಹಳ್ಳಿಯ ಮಕ್ಕಳು ಸೇರುತ್ತಾರೆ. ಮೂರು ವರ್ಷ ಊಟ, ವಸತಿ, ವಿದ್ಯೆ ಎಲ್ಲವನ್ನೂ ಅಲ್ಲಿಯೇ ಪಡೆಯುತ್ತಾರೆ. ನನ್ನ ಮಿತ್ರರಿಗೆ ಅಂಥ ಶಾಲೆ ಎಲ್ಲಿಂದ ಬರಬೇಕು? ಅವರಿಗೆ ಸಿಕ್ಕದ್ದು ಸಾಲಕ್ಕೆ ಕೊಂಡ ಪಾಠ. ನಾಲ್ಕು ತಿಂಗಳಲ್ಲಿ ಮೂರು ಗಣಕಭಾಷೆಗಳ ಹೆಸರು ಬಾಯಿಗೆ ಬಂದವು, ಒಂದೂ ಕೈಗೆ ಬರಲಿಲ್ಲ.

ಅವರಿಗೆ ದಾರಿ ತೋರಿದವಳು ಮಾಗಡಿಯ ಕಡೆಯ ಹುಡುಗಿ, ಅವರ ಹಳೆಯ ಶಿಷ್ಯೆ. ಬಿ.ಸಿ.ಎ. ಓದುವಾಗ ಭಾರತದ ಸಂವಿಧಾನದ ಪತ್ರಿಕೆಯನ್ನು ಅವರಲ್ಲಿ ಕಲಿತವಳು. ಈಗ ಬೆಂಗಳೂರಿನಲ್ಲಿ ತಂತ್ರಾಂಶದ ಕೆಲಸ, ವಯಸ್ಸು ಇಪ್ಪತ್ತಾರು. ರೈಲಿನಲ್ಲಿ ಸಿಕ್ಕಿ ಯೋಗಕ್ಷೇಮ ಕೇಳಿದಳು. ಮಿತ್ರರು ಸುಳ್ಳು ಹೇಳಬೇಕೆಂದಿದ್ದರಂತೆ; ಕೆಂಗೇರಿ ಬರುವಷ್ಟರಲ್ಲಿ ನಿಜ ಹೇಳಿಬಿಟ್ಟರು. ಭಾನುವಾರ ಎರಡು ಗಂಟೆ ಕಾಲ ತಾನು ಕುಳಿತುಕೊಳ್ಳುವೆನೆಂದಳು. ಶಿಷ್ಯೆಯ ಮುಂದೆ ಪಾಠಕ್ಕೆ ಕೂರುವುದು ಸುಲಭವೆ? ಮೊದಲ ಭಾನುವಾರ ಅವರು ಹೊಟ್ಟೆನೋವಿನ ನೆಪ ಹೇಳಿ ಮನೆಯಲ್ಲಿಯೇ ಉಳಿದರು.

ಎರಡನೆಯ ಭಾನುವಾರ ರಾಮನಗರದ ಹೋಟೆಲೊಂದರ ಮೂಲೆಯ ಮೇಜಿನಲ್ಲಿ ಕುಳಿತು ಅವಳು ಗಣಕಯಂತ್ರವನ್ನೇ ತೆರೆಯಲಿಲ್ಲ. "ಸಾರ್, ಕಾಲೇಜಿನಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ನೀವು ಏನೇನು ಮಾಡುತ್ತಿದ್ದಿರಿ, ಹೇಳಿ" ಎಂದಳು. ಪಾಠವೆಂದರು. ಅದಲ್ಲದೆ? ವೇಳಾಪಟ್ಟಿ ಹಾಕುತ್ತಿದ್ದೆ. ಅದಲ್ಲದೆ? ಆಂತರಿಕ ಅಂಕಗಳ ಪಟ್ಟಿಯಲ್ಲಿ ಯಾರ ಮೊತ್ತ ತಪ್ಪಿದೆಯೆಂದು ಹುಡುಕುವ ಕೆಲಸವನ್ನು ನನ್ನ ತಲೆಗೇ ಕಟ್ಟುತ್ತಿದ್ದರು. ಎಂ.ಎ.ಯಲ್ಲಿ? ಒಂದೇ ದಾನವನ್ನು ಹೇಳುವ ಎರಡು ಶಾಸನಗಳಲ್ಲಿ ತಿಥಿ, ವಾರ ಹೊಂದುವುದಿಲ್ಲವೆಂದು ತೋರಿಸುವ ಪ್ರಬಂಧ ಬರೆದಿದ್ದೆ. ಅವಳು ನಕ್ಕು, "ಹಾಗಾದರೆ ನೀವು ಆ ಮೂರು ಭಾಷೆ ಬಿಟ್ಟುಬಿಡಿ. ನಿಮ್ಮ ಕೆಲಸ ತಪ್ಪು ಹುಡುಕುವುದು. ಅದಕ್ಕೆ ನಮ್ಮಲ್ಲಿ ಟೆಸ್ಟಿಂಗ್ ಎನ್ನುತ್ತಾರೆ, ಸಂಬಳ ಕೊಡುತ್ತಾರೆ" ಎಂದಳು.

ತರಬೇತಿ ಕೇಂದ್ರದವರು ನಾಲ್ಕು ತಿಂಗಳು ಅವರಿಗೆ ಇಲ್ಲದ್ದನ್ನು ತುಂಬಲು ನೋಡಿದರು. ಇವಳು ಒಂದು ಮಧ್ಯಾಹ್ನದಲ್ಲಿ ಇದ್ದದ್ದನ್ನು ಹೊರಗೆ ತೆಗೆದಿಟ್ಟಳು. ಕಸುಬು ಬದಲಿಸುವವನು ತನ್ನ ಹಿಂದಿನ ವರ್ಷಗಳೆಲ್ಲ ಹಾಳಾದವೆಂದು ತಿಳಿದಿರುತ್ತಾನೆ. ಹಾಗಲ್ಲವೆಂದು ಸಮಾಧಾನ ಹೇಳುವುದಕ್ಕೆ ನಾನು ಸಾಕು. ಅವುಗಳಲ್ಲಿ ಯಾವುದು ಎಲ್ಲಿ ಉಪಯೋಗಕ್ಕೆ ಬರುತ್ತದೆಂದು ತೋರಿಸಲು ಎರಡೂ ದಡವನ್ನು ಬಲ್ಲವರು ಬೇಕು.

ಎರಡನೆಯದಾಗಿ ಅವಳು ಒಂದು ನಿಯಮ ಮಾಡಿದಳು. ತೊಡಕು ಬಂದಾಗ "ಬರುತ್ತಿಲ್ಲ" ಎನ್ನಕೂಡದು. ನೋಟುಪುಸ್ತಕದಲ್ಲಿ ಮೂರು ಸಾಲು ಬರೆದು ತರಬೇಕು: ನಾನು ಏನು ಮಾಡಿದೆ, ಏನಾಗಬೇಕೆಂದು ಎಣಿಸಿದೆ, ಏನಾಯಿತು. ಅರ್ಧ ಪ್ರಶ್ನೆಗಳು ಬರೆಯುವಾಗಲೇ ಕರಗಿಹೋಗುತ್ತಿದ್ದವಂತೆ. ತಂತ್ರಾಂಶದ ದೋಷವನ್ನು ವರದಿ ಮಾಡುವ ರೀತಿಯೂ ಆ ಮೂರು ಸಾಲೇ ಎಂಬುದನ್ನು ಎರಡು ತಿಂಗಳು ಕಳೆದ ಮೇಲೆ ಹೇಳಿದಳು. (ಆ ಕಸುಬಿನವರು ದೋಷಕ್ಕೆ 'ಬಗ್' ಅಂದರೆ ಹುಳುವೆನ್ನುತ್ತಾರೆ. ಹುಳು ಸಾಕಿ ಬದುಕಿದ ಮನೆತನದವರು ಹುಳು ಹಿಡಿದು ಬದುಕಬೇಕಾಗಿ ಬಂದದ್ದು ವಿಧಿಯ ವಿನೋದ.)

ಅಭ್ಯಾಸಕ್ಕೆಂದು ಅವಳು ಕೊಟ್ಟ ಒಂದು ಮಾದರಿ ಅರ್ಜಿಯ ಮೇಲೆ ಮಿತ್ರರು ಕುಳಿತರು. ಹುಟ್ಟಿದ ವರ್ಷ 1857 ಎಂದು ತುಂಬಿಸಿದರು, ಅದು ಒಪ್ಪಿಕೊಂಡಿತು. ಸಿಪಾಯಿ ದಂಗೆಯ ಕೂಸೊಂದು ನೌಕರಿಗೆ ಅರ್ಜಿ ಹಾಕಬಹುದೆಂದು ವರದಿ ಬರೆದರು. ಮನೆತನದ ಹೆಸರನ್ನು ಬಿಟ್ಟರು, ಅದು ಒಪ್ಪಲಿಲ್ಲ. ನಮ್ಮ ಸೀಮೆಯಲ್ಲಿ ತಂದೆಯ ಹೆಸರಿನ ಮೊದಲಕ್ಷರವನ್ನಷ್ಟೇ ಇಟ್ಟುಕೊಂಡ ಎಷ್ಟೋ ಜನಕ್ಕೆ ಮನೆತನದ ಹೆಸರೆಂಬುದಿಲ್ಲ, ಅವರನ್ನು ಈ ಅರ್ಜಿ ಬಾಗಿಲಲ್ಲೇ ನಿಲ್ಲಿಸುತ್ತದೆಂದು ಬರೆದರು. ಆ ಎರಡನೆಯ ವರದಿಯನ್ನು ಓದಿ ಅವಳು ಬಹಳ ಹೊತ್ತು ಸುಮ್ಮನಿದ್ದಳಂತೆ. "ಇದನ್ನು ನಾನು ಐದು ವರ್ಷದಲ್ಲಿ ಗಮನಿಸಿಲ್ಲ ಸಾರ್" ಎಂದಳು. ಮಿತ್ರರು ಅಂದು ಮನೆಗೆ ಮಲ್ಲಿಗೆ ಹೂ ತಂದರೆಂದು ಅವರ ಶ್ರೀಮತಿಯವರು ಹೇಳಿದರು.

ಕೀಲಿಮಣೆಯನ್ನು ಅವಳು ಒಮ್ಮೆಯೂ ಮುಟ್ಟಲಿಲ್ಲ. ದತ್ತಾಂಶವನ್ನು ಪ್ರಶ್ನೆ ಕೇಳಿ ಪಡೆಯುವ ಎಸ್.ಕ್ಯೂ.ಎಲ್. ಎಂಬ ಭಾಷೆಯನ್ನು ಕಲಿಯುವಾಗ ಒಂದು ಅಲ್ಪವಿರಾಮ ಬಿಟ್ಟುಹೋಗಿ ಮಿತ್ರರು ನಲವತ್ತು ನಿಮಿಷ ಒದ್ದಾಡಿದರೂ, ಅವಳು ಎದುರಿಗೆ ಕುಳಿತು ಉಗುರು ಕಚ್ಚುತ್ತಿದ್ದಳೇ ಹೊರತು ಬೆರಳು ಚಾಚಲಿಲ್ಲ. ತನಗೆ ತಿಳಿಯದ ಭಾಗ ಬಂದಾಗ, ಅದು ತನಗೆ ಬರುವುದಿಲ್ಲವೆಂದು ಹೇಳಿ, ತನ್ನ ಕಚೇರಿಯ ಹಿರಿಯ ಸಹೋದ್ಯೋಗಿಯೊಬ್ಬರ ಬಳಿಗೆ ಕಳುಹಿಸಿದಳು. ಉಪನ್ಯಾಸಕರಾದ ನಾವು ಆ ಮಾತನ್ನು ತರಗತಿಯಲ್ಲಿ ಎಷ್ಟು ಸಲ ಆಡಿದ್ದೇವೆ?

ಎಂಟನೆಯ ತಿಂಗಳಲ್ಲಿ ಜಗಳವಾಯಿತು. ಅವಳ ಕಚೇರಿಯಲ್ಲಿ ಒಂದು ಕೆಲಸ ತೆರವಾಗಿತ್ತು. ತನ್ನ ಹೆಸರು ಸೂಚಿಸೆಂದು ಮಿತ್ರರು ಕೇಳಿದರು. "ಇನ್ನೂ ಆಗಿಲ್ಲ ಸಾರ್. ಈಗ ಸೂಚಿಸಿದರೆ ನೀವು ಸೋಲುತ್ತೀರಿ, ಮುಂದಿನ ಸಲ ನನ್ನ ಮಾತೂ ನಡೆಯುವುದಿಲ್ಲ" ಎಂದಳು. ತಾನು ಪಾಠ ಹೇಳಿಕೊಟ್ಟ ಹುಡುಗಿಯ ಬಾಯಿಂದ ಅನುತ್ತೀರ್ಣನೆಂಬ ಫಲಿತಾಂಶ! ಅವರು ಎದ್ದು ಬಂದರು. ಮೂರು ಭಾನುವಾರ ಹೋಗಲಿಲ್ಲ. ಆ ನಡುವೆ ಬೆಂಗಳೂರಿನಲ್ಲಿ ಒಬ್ಬಾತ ಸಿಕ್ಕಿ, ಎರಡು ವರ್ಷದ ಅನುಭವವಿದೆಯೆಂದು ಯಾವುದೋ ಕಂಪನಿಯ ಹೆಸರಿನಲ್ಲಿ ಪತ್ರ ಕೊಡಿಸುವುದಾಗಿಯೂ, ಎಲ್ಲರೂ ಹಾಗೆಯೇ ಮಾಡುತ್ತಾರೆಂದೂ ಹೇಳಿದ. ಬೆಲೆ 25,000 ರೂಪಾಯಿ. ಮಿತ್ರರು ನನ್ನನ್ನು ಕೇಳಿದರು. ನಾನು, ನಾಚಿಕೆಯಿಂದ ಬರೆಯುತ್ತಿದ್ದೇನೆ, "ನೋಡಿ, ಕಾಲ ಹಾಗಿದೆ" ಎಂದೆ. ಅವರ ಮಗಳ ಶಾಲೆಯ ಶುಲ್ಕ ಎರಡು ಕಂತು ಬಾಕಿಯಿತ್ತು, ಅದು ನನಗೆ ಗೊತ್ತಿತ್ತು.

ಆ ಸಂಗತಿ ಹೇಗೋ ಅವಳ ಕಿವಿಗೆ ಬಿತ್ತು. ಎಂಟು ತಿಂಗಳು ಕೈಕಟ್ಟಿ ಕುಳಿತಿದ್ದವಳು ಅಂದು ಸಂಜೆಯೇ ಅವರ ಮನೆಗೆ ಬಂದಳು. ಕೂರಲೂ ಇಲ್ಲ. "ಕಂಪನಿಗಳು ಹಿಂದಿನ ದಾಖಲೆಗಳನ್ನು ಪರೀಕ್ಷಿಸುತ್ತವೆ ಸಾರ್. ಸಿಕ್ಕಿಬಿದ್ದರೆ ಕೆಲಸ ಹೋಗುವುದಷ್ಟೇ ಅಲ್ಲ, ಮತ್ತೆ ಆ ದಾರಿಯೇ ಮುಚ್ಚುತ್ತದೆ. ಅದು ಹೋಗಲಿ. ಸುಳ್ಳು ಶಾಸನಕ್ಕೆ ನೀವೇ ತರಗತಿಯಲ್ಲಿ ಏನೋ ಹೆಸರು ಹೇಳುತ್ತಿದ್ದಿರಿ" ಎಂದಳು. "ಕೂಟಶಾಸನ" ಎಂದರು ಮಿತ್ರರು. "ಅದೇ" ಎಂದು ಹೇಳಿ ಕೊನೆಯ ಬಸ್ಸಿಗೆ ಹೊರಟಳು.

ಅವರು ಪತ್ರ ಕೊಳ್ಳಲಿಲ್ಲ. ಒಂಬತ್ತು ವರ್ಷದ ಅಧ್ಯಾಪನವನ್ನು ಮರೆಮಾಡದೆ ತಮ್ಮ ವಿವರಪತ್ರದ ಮೊದಲ ಸಾಲಿನಲ್ಲಿಯೇ ಬರೆದು, ತಾವು ಬರೆದ ಇಪ್ಪತ್ತು ದೋಷವರದಿಗಳನ್ನು ಜೊತೆಗಿಟ್ಟು, ಹನ್ನೊಂದು ಕಡೆ ತಿರಸ್ಕೃತರಾದರು. ಪ್ರತಿ ಸಲವೂ ಯಾವ ಪ್ರಶ್ನೆಗೆ ತಡವರಿಸಿದಿರೆಂದು ಅವಳು ಕೇಳಿ, ಮುಂದಿನ ಭಾನುವಾರ ಅದನ್ನೇ ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದಳು. ಹನ್ನೆರಡನೆಯದು ಒಂದು ಚಿಕ್ಕ ಸಂಸ್ಥೆ, ಆರು ತಿಂಗಳ ಕರಾರು. ಅದಕ್ಕೆ ಹೆಸರು ಸೂಚಿಸಿದವಳು ಅವಳೇ. ಹೊರಟ ದಿನದಿಂದ ಹದಿನಾಲ್ಕು ತಿಂಗಳಾಗಿದ್ದವು. ಸಂಬಳ ಕಾಲೇಜಿನಲ್ಲಿ ಬರುತ್ತಿದ್ದುದಕ್ಕಿಂತ ಹೆಚ್ಚೇನೂ ಅಲ್ಲ; ಆದರೆ ಹನ್ನೆರಡು ತಿಂಗಳೂ ಬರುತ್ತದೆ. ಆ ಕರಾರು ಆಮೇಲೆ ಒಂದು ವರ್ಷಕ್ಕೆ ಮುಂದುವರಿಯಿತು. ಈಗ ಕೃತಕ ಬುದ್ಧಿಯ ಯಂತ್ರಗಳೇ ಪರೀಕ್ಷೆಯ ಹಂತಗಳನ್ನೂ ಬರೆದುಕೊಡುವ ಕಾಲ ಬಂದಿರುವುದರಿಂದ ಈ ಕೆಲಸವೂ ಎಷ್ಟು ದಿನವೆಂದು ಅವರಿಗೆ ಆತಂಕವಿದ್ದೇ ಇದೆ. ಬೆಳಗಿನ ರೈಲಿನಲ್ಲಿ ನಿಂತುಕೊಂಡೇ ಅದನ್ನೂ ಕಲಿಯುತ್ತಿದ್ದಾರೆ.

ಮೊನ್ನೆ ಭಾನುವಾರ ಚದುರಂಗಕ್ಕೆ ಕರೆದೆ. ಬರಲಾಗುವುದಿಲ್ಲ, ಕನಕಪುರದಿಂದ ಒಬ್ಬ ಅತಿಥಿ ಉಪನ್ಯಾಸಕರು ಬರುತ್ತಾರೆ, ಆ ಹುಡುಗಿ ಕಳುಹಿಸಿದ್ದಾಳೆ ಎಂದರು.

"ಏನು ಕಲಿಸುತ್ತಿದ್ದೀರಿ?" ಎಂದು ಕೇಳಿದೆ.

"ಇನ್ನೂ ಏನೂ ಇಲ್ಲ. ಕಾಲೇಜಿನಲ್ಲಿ ದಿನವಿಡೀ ಏನು ಮಾಡುತ್ತಿದ್ದಿರಿ ಎಂದು ಕೇಳಿ ಮೂರು ವಾರವಾಯಿತು, ಮುಗಿದೇ ಇಲ್ಲ. ಭೂಗೋಳದವರು ನೋಡಿ, ಮಾತು ವಿಸ್ತಾರ."